ತೋಡಾರಿನ ಒಂದೂವರೆ ಡಿಗ್ರಿ

ಕಳೆದ ತಿಂಗಳು ಮೂಡುಬಿದಿರೆಯ ಒಂದು ಕಾಲೇಜಿಗೆ ಹೊರಗಿನ ಪರೀಕ್ಷಕಿಯಾಗಿ ಹೋಗಬೇಕಾಯಿತು. ಆದೇಶದ ಕಾಗದ ಕೈಗೆ ಬಂದಾಗ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಬಹುದೇ ಎಂದು ಎರಡು ದಿನ ಯೋಚಿಸಿದ್ದು ನಿಜ. ಕೊನೆಗೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಳೆ ಸ್ವಲ್ಪ ಹಿಡಿತಕ್ಕೆ ಬರಲಿ ಎಂದು ಹಣ್ಣಿನ ಅಂಗಡಿಯ ಮುಂದೆ ನಿಂತಿದ್ದೆ. ಎದುರಿಗಿದ್ದ ಬೆಳ್ತಂಗಡಿ ಬಸ್ಸಿನ ಡಿಕ್ಕಿಗೆ ಯಾರೋ ತೂತುಗಳಿದ್ದ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಏರಿಸುತ್ತಿದ್ದರು. ಒಳಗಿನಿಂದ ಚಿಂವ್ ಚಿಂವ್ ಎನ್ನುವ ಸಣ್ಣ ಗದ್ದಲ. ಗಾಳಿ ಈ ಕಡೆ ತಿರುಗಿದಾಗ ವಾಸನೆಯೂ ಬಂತು. ಬೆಚ್ಚಗಿನ ಪುಕ್ಕ, ಒದ್ದೆ ಉಮಿ, ಅದರ ಹಿಂದೆ ಎಲ್ಲೋ ಮೂಗನ್ನು ಚುರುಗುಟ್ಟಿಸುವ, ಕ್ರಿಮಿ ಕೊಲ್ಲಲು ಹಾಕುವ ಫಾರ್ಮಲಿನ್. ನಾನು ಕೊಡೆ ಬಿಡಿಸುವುದನ್ನೂ ಮರೆತು ನಿಂತುಬಿಟ್ಟೆ.

ಎಂಟು ವರ್ಷದ ಹಿಂದೆ ನಾನು ಇದೇ ಊರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಹಾವೇರಿ ಕಡೆಯ ಹುಡುಗಿ. ನಾಲ್ಕು ವರ್ಷ ಹಾಸ್ಟೆಲಿನ ಕಿಟಕಿಯಿಂದ ಮಳೆ ನೋಡಿ ನೋಡಿ, ಮನೆಗೆ ಫೋನ್ ಮಾಡಿದಾಗ ಬಾಯಿ ತಪ್ಪಿ ‘ಉಂಟು’ ಅಂದುಬಿಡುತ್ತಿದ್ದೆ. ಅವ್ವ ನಗುತ್ತಿದ್ದಳು. ಆ ವರ್ಷದ ಏಪ್ರಿಲಿನಿಂದ ಜೂನ್ ತನಕದ ಎರಡು ಮೂರು ತಿಂಗಳು ಮಾತ್ರ ನನ್ನ ನೆನಪಿನಲ್ಲಿ ಬೇರೆಯೇ ಒಂದು ಕೋಣೆಯಲ್ಲಿ ಕುಳಿತಿದೆ. ಆ ಕೋಣೆಗೆ ಕಿಟಕಿ ಇಲ್ಲ. ಒಂದು ಸಣ್ಣ ದೀಪ ಉರಿಯುತ್ತದೆ, ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತದೆ, ಗಂಟೆಗೊಮ್ಮೆ ಸಾವಿರಾರು ಮೊಟ್ಟೆಗಳು ಒಟ್ಟಿಗೆ ಮಗ್ಗುಲು ಬದಲಿಸುತ್ತವೆ.

ಅದು ತೋಡಾರಿನಲ್ಲಿದ್ದ ಹಸನಬ್ಬರ ಹ್ಯಾಚರಿ. ಮೂಡುಬಿದಿರೆಯಿಂದ ಮಂಗಳೂರು ಬಸ್ಸು ಹತ್ತಿದರೆ ನಿದ್ದೆ ಹತ್ತುವ ಮೊದಲೇ ಇಳಿಯಬೇಕಾದಷ್ಟು ಹತ್ತಿರ. ಹಸನಬ್ಬರು ಹದಿನೆಂಟು ವರ್ಷ ಸೌದಿಯ ದಮ್ಮಾಮಿನಲ್ಲಿ ಹಾಲಿನ ಶೀತಲಗೃಹ ನೋಡಿಕೊಂಡಿದ್ದವರು. ಅಲ್ಲಿ ಎರಡು ಡಿಗ್ರಿ ಆಚೀಚೆಯಾದರೆ ಲಾರಿಗಟ್ಟಲೆ ಹಾಲು ಚೆಲ್ಲಬೇಕಿತ್ತಂತೆ. ಊರಿಗೆ ಮರಳಿದ ಮೇಲೆ ಮೊಟ್ಟೆ ಮರಿಯಾಗುವ ಎರಡು ಯಂತ್ರ ತಂದು ಹಾಕಿದರು. ತಣ್ಣಗಿಡುವ ಕೆಲಸದಿಂದ ಬೆಚ್ಚಗಿಡುವ ಕೆಲಸಕ್ಕೆ ಬಂದೆ ಎಂದು ತಾವೇ ತಮಾಷೆ ಮಾಡುತ್ತಿದ್ದರು. ದೊಡ್ಡ ಯಂತ್ರದಲ್ಲಿ ಮೊಟ್ಟೆ ಹದಿನೆಂಟು ದಿನ ಇರುತ್ತದೆ. ಕೊನೆಯ ಮೂರು ದಿನ ಸಣ್ಣ ಯಂತ್ರಕ್ಕೆ ವರ್ಗ. ಇಪ್ಪತ್ತೊಂದನೇ ದಿನ ಮರಿ. ಆ ಮರಿಗಳು ಬೆಳ್ತಂಗಡಿ, ಬಂಟ್ವಾಳ, ಉಜಿರೆಯ ಕಡೆಗೆಲ್ಲ ಬಸ್ಸಿನಲ್ಲಿ ಹೋಗುತ್ತಿದ್ದವು.

ನಮ್ಮದು ಮೂವರ ತಂಡ. ಯಂತ್ರಗಳ ಉಷ್ಣತೆಯನ್ನು ಕಂಪ್ಯೂಟರ್ ನೋಡಿಕೊಳ್ಳುವ ಹಾಗೆ ಮಾಡುವುದು ಪ್ರಾಜೆಕ್ಟು. ತಂತಿ, ಸೆನ್ಸರ್, ಪೆಟ್ಟಿಗೆ ಎಲ್ಲ ಉಳಿದ ಇಬ್ಬರದು. ಪ್ರೋಗ್ರಾಮು ನನ್ನದು. ತಂಡದಲ್ಲಿ ತಲೆ ಇರುವವಳು ನಾನೇ ಎಂಬ ಭ್ರಮೆಯೂ ನನ್ನದೇ.

ಮೊದಲ ದಿನ ಒಳಗೆ ಕಾಲಿಟ್ಟಾಗ ಗೋಡೆಯ ಮೇಲೆ ಒಂದು ಚಾರ್ಟು ತೂಗುತ್ತಿತ್ತು. ಎರಡು ಗಂಟೆಗೊಮ್ಮೆ ಉಷ್ಣತೆ ಬರೆಯುವ ಚಾರ್ಟು. ಅದರಲ್ಲಿ ಬರೇ ಒಂಟಿ ಅಂಕಿಗಳು. ಐದು, ಐದು, ಆರು, ಐದು, ನಾಲ್ಕು, ಐದು. ಚಾರ್ಟಿನ ಕೆಳಗೆ ಸುಮಾರು ಐವತ್ತು ವರ್ಷದ ಹೆಂಗಸೊಬ್ಬರು ಮೊಟ್ಟೆಯ ತಟ್ಟೆ ಒರೆಸುತ್ತಿದ್ದರು. ಅವರೇ ಗಿರಿಜಕ್ಕ. ಹ್ಯಾಚರಿ ಶುರುವಾದ ದಿನದಿಂದ, ಅಂದರೆ ಹನ್ನೆರಡು ವರ್ಷದಿಂದ, ಆ ಎರಡು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು.

“ಇದೇನ್ರಿ ಅಕ್ಕಾರ, ಬರೇ ಐದು ಅಂತ ಬರ್ದೀರಿ?” ಎಂದು ಕೇಳಿದೆ.

“ಪಾಯಿಂಟಿನ ಆಚೆಗಿನದ್ದು ಅದು. ಈಚೆಗಿನದ್ದು ಯಾವಾಗಲೂ ಒಂದೇ ಅಲ್ವಾ? ದಿನಕ್ಕೆ ಹನ್ನೆರಡು ಸಲ ಅದನ್ನೇ ಎಂತಕ್ಕೆ ಬರೆಯುವುದು?”

“ಈಚೆಗೆ ಎಷ್ಟು?”

“ತೊಂಬತ್ತೊಂಬತ್ತು,” ಅಂದರು ಗಿರಿಜಕ್ಕ.

“ಮೂವತ್ತೇಳು,” ಅಂದರು ಬಾಗಿಲಲ್ಲಿ ನಿಂತಿದ್ದ ಹಸನಬ್ಬರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಮೂವತ್ತೇಳೂವರೆ ಸೆಲ್ಸಿಯಸ್ ಅಂದರೆ ಸರಿಯಾಗಿ ತೊಂಬತ್ತೊಂಬತ್ತೂವರೆ ಫ್ಯಾರನ್‌ಹೀಟ್. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಒಬ್ಬರು ಜ್ವರ ನೋಡುವ ಡಿಗ್ರಿಯಲ್ಲಿ, ಇನ್ನೊಬ್ಬರು ಸೆಕೆ ಹೇಳುವ ಡಿಗ್ರಿಯಲ್ಲಿ, ಹನ್ನೆರಡು ವರ್ಷ ಒಂದೇ ಐದನ್ನು ಓದುತ್ತ ಸುಖವಾಗಿದ್ದರು. ಎಲ್ಲ ಸರಿಯಿದ್ದಾಗ ಇಬ್ಬರದೂ ಒಂದೇ ಅಂಕಿ. ಸ್ವಲ್ಪ ಹೆಚ್ಚುಕಮ್ಮಿಯಾದಾಗ ಮಾತ್ರ ಬೇರೆ ಬೇರೆ.

“ಅದಕ್ಕೇ!” ಎಂದು ಹಸನಬ್ಬರು ಹಣೆ ಚಚ್ಚಿಕೊಂಡರು. “ಎಂಟು ಅಂತ ಕಂಡ ಕೂಡಲೇ ನಾನು ಓಡಿ ಬರುವುದು, ಇವರು ಎಂತ ಆಗದವರ ಹಾಗೆ ಕೂತಿರುವುದು. ಎಷ್ಟು ಸಲ ಬಿಪಿ ಏರಿಸಿಕೊಂಡೆ ಮಾರಾಯ್ತಿ!”

“ನಿಮಗೆ ಗಡಿಬಿಡಿ ಜಾಸ್ತಿ ಅಂತ ನಾನು ಎಣಿಸಿದ್ದು,” ಎಂದರು ಗಿರಿಜಕ್ಕ. ಮೂವರೂ ತುಂಬ ಹೊತ್ತು ನಕ್ಕೆವು. ಆ ಊರಿನಲ್ಲಿ ನಾನು ಅಷ್ಟು ಹಾಯಾಗಿ ನಕ್ಕದ್ದು ಅದೇ ಮೊದಲು.

ಆಮೇಲಿನ ವಾರಗಳು ಮಂಪರಿನಲ್ಲಿ ಕಳೆದವು. ಹೊರಗೆ ಮೇ ತಿಂಗಳ ಸೆಕೆ, ಒಳಗೆ ಮೊಟ್ಟೆಗಳ ಬಿಸುಪು. ಮಧ್ಯಾಹ್ನ ಕ್ಲಾಸು ಮುಗಿಸಿ ಬಸ್ಸು ಹತ್ತಿ ತೋಡಾರಿಗೆ ಬಂದರೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಯಂತ್ರಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಗಿರಿಜಕ್ಕ ದೀಪ ಆರಿಸಿ ಮೊಟ್ಟೆಗಳಿಗೆ ಟಾರ್ಚು ಹಿಡಿಯುವ ದಿನ ನನ್ನ ಕೆಲಸ ನಿಂತೇ ಹೋಗುತ್ತಿತ್ತು. ಕತ್ತಲೆಯಲ್ಲಿ ಒಂದು ಮೊಟ್ಟೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ಒಳಗೆ ದಾರದಂಥ ನರಗಳು, ನಡುವೆ ಒಂದು ಚುಕ್ಕೆ, ಆ ಚುಕ್ಕೆ ಮಿಡಿಯುತ್ತದೆ. “ಇದು ಉಂಟು,” ಅನ್ನುತ್ತಿದ್ದರು ಗಿರಿಜಕ್ಕ. ಮತ್ತೊಂದು ಮೊಟ್ಟೆ ಬರೇ ಹಳದಿ ಬೆಳಕು. “ಇದು ಇಲ್ಲ.” ಉಂಟು, ಇಲ್ಲ, ಉಂಟು, ಉಂಟು. ಆ ಸ್ವರ ಕೇಳುತ್ತ ಕೇಳುತ್ತ ನಾನು ಎಷ್ಟೋ ಸಲ ಗೋಡೆಗೆ ಒರಗಿ ನಿದ್ದೆ ಹೋಗಿದ್ದೇನೆ.

ಕೆಳಗಿನ ಒಂದು ತಟ್ಟೆ ಹಸನಬ್ಬರ ವ್ಯಾಪಾರಕ್ಕೆ ಸೇರಿದ್ದಲ್ಲ. ಆಸುಪಾಸಿನ ಹೆಂಗಸರು ತಮ್ಮ ಮನೆಯ ಊರಕೋಳಿಯ ಹತ್ತು ಹದಿನೈದು ಮೊಟ್ಟೆ ತಂದು ಗಿರಿಜಕ್ಕನ ಕೈಗೆ ಕೊಡುತ್ತಿದ್ದರು. ಯಾರದು ಯಾವುದು ಎಂದು ತಿಳಿಯಲು ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು. ಲಲಿತ, ಬೇಬಿ, ಐಸಮ್ಮ, ಮತ್ತೊಬ್ಬ ಲಲಿತ. ಹೆಸರು ಹೊತ್ತ ಮೊಟ್ಟೆಗಳನ್ನು ಗಿರಿಜಕ್ಕ ದಿನಕ್ಕೊಮ್ಮೆ ಕೈಗೆತ್ತಿಕೊಂಡು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ನೋಡುತ್ತಿದ್ದರು. ಕೈ ಸುಳ್ಳು ಹೇಳುತ್ತದೆ, ರೆಪ್ಪೆ ಹೇಳುವುದಿಲ್ಲ ಎನ್ನುವುದು ಅವರ ನಂಬಿಕೆ. ನನಗೂ ಒಮ್ಮೆ ಕಲಿಸಲು ನೋಡಿದರು. ನನಗೆ ಎಲ್ಲ ಮೊಟ್ಟೆಯೂ ಒಂದೇ ಬೆಚ್ಚಗೆ.

ಪ್ರೋಗ್ರಾಮು ಬರೆಯಲು ಕೂತಾಗ ಮೊದಲ ಪ್ರಶ್ನೆ ಡಿಗ್ರಿಯದೇ. ಯಾವ ಡಿಗ್ರಿ? ನಮ್ಮ ಗೈಡು ಮೇಷ್ಟ್ರು ಮಿತಭಾಷಿ. “ಒಳಗೆ ಒಂದೇ ಇರಲಿ. ಎರಡನ್ನೂ ಇಟ್ಟುಕೊಂಡರೆ ಒಂದಲ್ಲ ಒಂದು ದಿನ ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂರ್ತದೆ,” ಎಂದರು. ನಾನು ಸೆಲ್ಸಿಯಸ್ ಆರಿಸಿಕೊಂಡೆ. ಸೆನ್ಸರ್ ಕೊಡುವುದು ಸೆಲ್ಸಿಯಸ್, ಲೆಕ್ಕ ಹಾಕುವುದು ಸೆಲ್ಸಿಯಸ್, ಬರೆದಿಡುವುದು ಸೆಲ್ಸಿಯಸ್. ಪರದೆಯ ಮೇಲೆ ತೋರಿಸುವಾಗ ಮಾತ್ರ ಗಿರಿಜಕ್ಕನಿಗಾಗಿ ಫ್ಯಾರನ್‌ಹೀಟ್ ಮಾಡಿಕೊಳ್ಳುವ ಒಂದು ಗುಂಡಿ ಇಟ್ಟಿದ್ದೆ. ಹಸನಬ್ಬರು ಅದನ್ನು ಒತ್ತಿ ನೋಡಿ ತಲೆಯಾಡಿಸಿದರು.

“ಎರಡೆರಡು ಬೇಡ ಇಂಜಿನಿಯರ್ರೆ. ಗೊಂದಲ ಆಗ್ತದೆ. ಮೂವತ್ತೇಳೂವರೆ ಒಂದೇ ಸಾಕು. ಗಿರಿಜ ಕಲೀತಾರೆ.”

ಗಿರಿಜಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಗುಂಡಿ ತೆಗೆದೆ. ಅಷ್ಟಕ್ಕೂ ಪರದೆ ಶುಭ್ರವಾಗಿ ಕಾಣುತ್ತಿತ್ತು.

ಗಿರಿಜಕ್ಕನ ಹನ್ನೆರಡು ವರ್ಷದ ಲೆಕ್ಕವನ್ನೆಲ್ಲ ನಾನು ಕೂತು ಸೆಲ್ಸಿಯಸ್ಸಿಗೆ ಬದಲಿಸಿದೆ. ಚಾರ್ಟಿನಲ್ಲಿ ಇಲ್ಲದ್ದು ಒಂದೇ ಒಂದು, ಕೊನೆಯ ಮೂರು ದಿನದ ವಿಷಯ. ಅದು ಅವರ ತಲೆಯಲ್ಲಿತ್ತು. ಹಸನಬ್ಬರು ಅದರ ಗೋಜಿಗೆ ಹೋದವರೇ ಅಲ್ಲ. ತಟ್ಟೆ ಒರೆಸುತ್ತಲೇ ಗಿರಿಜಕ್ಕ ಹೇಳಿದರು, “ಸಣ್ಣ ಯಂತ್ರಕ್ಕೆ ಹಾಕಿದ ಮೇಲೆ ಒಂದೂವರೆ ಡಿಗ್ರಿ ಇಳಿಸಬೇಕು. ಮರಿಗಳಿಗೆ ಆಗ ಅವುಗಳದ್ದೇ ಬಿಸಿ ಉಂಟಲ್ಲ.” ನಾನು ಆ ಒಂದೂವರೆಯನ್ನು ನನ್ನ ಬದಲಾವಣೆಯ ಸೂತ್ರಕ್ಕೆ ಹಾಕಿದೆ. ಉತ್ತರ ಮೈನಸ್ ಹದಿನೇಳರ ಹತ್ತಿರ ಬಂತು. ಮೊಟ್ಟೆಗೆ ಮೈನಸ್ ಹದಿನೇಳೇ! ನಗು ಬಂತು. ಇದು ಉಷ್ಣತೆಯಲ್ಲ, ಎರಡು ಉಷ್ಣತೆಗಳ ನಡುವಿನ ಅಂತರ, ಇದಕ್ಕೆ ಸೂತ್ರ ಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಒಂದೂವರೆಯನ್ನು ಹಾಗೆಯೇ ಬರೆದೆ. ಸೂತ್ರದಲ್ಲಿ ಮೂವತ್ತೆರಡು ಕಳೆಯುವ ಮೊದಲ ಹೆಜ್ಜೆ ಬೇಕಿಲ್ಲ, ಅದು ಸರಿ. ಆದರೆ ಅವರ ಒಂದು ಡಿಗ್ರಿ ನನ್ನ ಡಿಗ್ರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸುವ ಆ ಎರಡನೇ ಹೆಜ್ಜೆಯನ್ನೂ ನಾನು ನಗುತ್ತ ನಗುತ್ತ ಬಿಟ್ಟುಬಿಟ್ಟಿದ್ದೆ.

ಮೊದಲ ತಂಡದ ಮೊಟ್ಟೆಗಳು ದೊಡ್ಡ ಯಂತ್ರದಲ್ಲಿ ಹದಿನೆಂಟು ದಿನ ಸೊಗಸಾಗಿ ಬೆಳೆದವು. ಮೂವತ್ತೇಳೂವರೆ ಒಂದಿಷ್ಟೂ ಅಲುಗಲಿಲ್ಲ. ಹಸನಬ್ಬರು ಪರದೆಯ ಫೋಟೋ ತೆಗೆದು ದಮ್ಮಾಮಿನ ಗೆಳೆಯರಿಗೆಲ್ಲ ಕಳಿಸಿದರು. ಎರಡೂ ಯಂತ್ರಗಳ ಬಿಸಿ ಹೆಚ್ಚುಕಮ್ಮಿ ಮಾಡುವ ಹಳೆಯ ಕೈತಿರುಗಣೆಗಳಿಗೆ ಟೇಪು ಸುತ್ತಿ, “ಇನ್ನು ಇದಕ್ಕೆ ಯಾರೂ ಕೈ ಹಾಕುವುದು ಬೇಡ,” ಎಂದರು. ಯಾರೂ ಎಂದರೆ ಅಲ್ಲಿ ಇದ್ದವರು ಗಿರಿಜಕ್ಕ ಒಬ್ಬರೇ.

ಮೊಟ್ಟೆಗಳು ಸಣ್ಣ ಯಂತ್ರಕ್ಕೆ ಹೋದ ದಿನವೇ ಮಳೆ ಹಿಡಿಯಿತು. ಆಕಾಶ ಕಪ್ಪಾಗಿ ಕೆಳಗಿಳಿದು ಬಸದಿಗಳ ಕಲ್ಲು ಮಾಡಿನ ಮೇಲೆ ಕೂತ ಹಾಗಿತ್ತು. ನಾನು ವರದಿಯ ಕೊನೆಯ ಪುಟಗಳನ್ನು ಬರೆಯುತ್ತ ಲ್ಯಾಬಿನಲ್ಲಿದ್ದೆ. ಮರುದಿನ ಬೆಳಿಗ್ಗೆ ಗಿರಿಜಕ್ಕನ ಫೋನು. ಅವರು ಫೋನು ಮಾಡುವವರೇ ಅಲ್ಲ.

“ಶೈಲಾ, ಮೊಟ್ಟೆ ತಣ್ಣಗುಂಟು.”

“ಪರದೆ ಮೇಲೆ ಎಷ್ಟು ತೋರಿಸ್ತೈತಿ ಅಕ್ಕಾರ?”

“ಮೂವತ್ತಾರು. ಅದು ನನಗೆ ಗೊತ್ತಾಗುವುದಿಲ್ಲ. ಕಣ್ಣಿಗೆ ಹಿಡಿದರೆ ತಣ್ಣಗೆ ಅನಿಸ್ತದೆ. ನೀವು ಒಮ್ಮೆ ಬಂದು ನೋಡುವುದಾ?”

ಮೂವತ್ತೇಳೂವರೆಯಲ್ಲಿ ಒಂದೂವರೆ ಕಳೆದರೆ ಮೂವತ್ತಾರು. ಸರಿಯಾಗಿಯೇ ಇದೆಯಲ್ಲ! “ಬರೋಬ್ಬರಿ ಐತ್ರಿ ಅಕ್ಕಾರ. ಮಳಿ ಹತ್ತೇತಲ್ಲ, ಅದಕ್ಕ ನಿಮಗ ಹಂಗ ಅನಸ್ತೈತಿ,” ಎಂದೆ. ಅವರು ಫೋನು ಇಟ್ಟರು. ನನಗೆ ಆ ದಿನ ತೋಡಾರಿಗೆ ಹೋಗಲು ಅರ್ಧ ಗಂಟೆ ಸಾಕಿತ್ತು. ಹೋಗಲಿಲ್ಲ.

ಇಪ್ಪತ್ತೊಂದನೇ ದಿನ ಯಂತ್ರದೊಳಗಿನಿಂದ ಸದ್ದೇ ಬರಲಿಲ್ಲ. ಇಪ್ಪತ್ತೆರಡನೇ ದಿನ ಮಧ್ಯಾಹ್ನ ಹಸನಬ್ಬರು ನಮ್ಮನ್ನು ಕರೆಸಿದರು. ಬಾಗಿಲು ತೆರೆದಾಗ ಕಂಡದ್ದನ್ನು ನಾನು ವಿವರಿಸಲಾರೆ. ಮೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ಅಲ್ಲಿಗೇ ಸೋತುಹೋದ ಮರಿಗಳು. ಹೊರಗೆ ಬಂದ ಕೆಲವು ಅಂಟು ಅಂಟಾಗಿ, ಕಾಲೂರಲಾಗದೆ ಬಿದ್ದಿದ್ದವು. ಕೆಳಗಿನ ಹೆಸರಿನ ತಟ್ಟೆಯ ಒಂದು ಮೂಲೆಯಲ್ಲಿ ಮಾತ್ರ ಏಳೆಂಟು ಮರಿಗಳು ತಲೆ ಎತ್ತಿ ನಿಂತಿದ್ದವು. ಆ ಮೂಲೆಯ ಕೆಳಗೆ ಒಂದು ಸ್ಟೀಲಿನ ಪಾತ್ರೆಯಿತ್ತು. ಒಳಗೆ ಆರಿದ ನೀರು.

“ಇದು ಎಂತ?” ಎಂದು ಹಸನಬ್ಬರು ಕೇಳಿದರು.

“ಬಿಸಿನೀರು ಇಟ್ಟಿದ್ದೆ,” ಎಂದರು ಗಿರಿಜಕ್ಕ. “ತಣ್ಣಗಿತ್ತು. ತಿರುಗಣೆ ಮುಟ್ಟಬೇಡಿ ಅಂತ ನೀವು ಹೇಳಿದ್ರಲ್ಲ.”

ನಮ್ಮ ತಂಡದವರು ಯಂತ್ರದ ಬಾಗಿಲಿಗೆ ಒಂದು ಸ್ವಿಚ್ಚು ಹಾಕಿದ್ದರು. ಬಾಗಿಲು ತೆರೆದಾಗಲೆಲ್ಲ ಪ್ರೋಗ್ರಾಮು ಸಮಯ ಬರೆದಿಟ್ಟುಕೊಳ್ಳುತ್ತಿತ್ತು. ಹಸನಬ್ಬರು ಪರದೆಯ ಮುಂದೆ ನಿಂತು ಅದನ್ನು ಒಂದೊಂದಾಗಿ ಓದಿದರು. ಮೊದಲ ದಿನ ಏಳು ಸಲ. ಎರಡನೇ ದಿನ ಹದಿಮೂರು ಸಲ. ಅವರ ಸ್ವರ ಏರಲಿಲ್ಲ, ಇಳಿಯಿತು. ಶೀತಲಗೃಹದಲ್ಲಿ ಹದಿನೆಂಟು ವರ್ಷ ಇದ್ದವರಿಗೆ ತೆರೆದ ಬಾಗಿಲಿಗಿಂತ ದೊಡ್ಡ ಅಪರಾಧ ಇರಲಿಲ್ಲ.

“ಗ್ರಾಫ್ ನೋಡಿ ಗಿರಿಜ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಉಂಟು. ಯಂತ್ರ ಅದರ ಕೆಲಸ ಮಾಡಿದೆ. ಎರಡು ದಿನದಲ್ಲೇ ಇಪ್ಪತ್ತು ಸಲ ಬಾಗಿಲು ತೆರೆದರೆ ಮೊಟ್ಟೆ ತಣ್ಣಗಾಗದೆ ಎಂತ ಆಗ್ತದೆ? ನಿಮಗೆ ಎಷ್ಟು ಸಲ ಹೇಳಿದೆ?”

“ತಣ್ಣಗಿತ್ತು ಅಂತ ತೆರೆದದ್ದು. ತೆರೆದದ್ದಕ್ಕೆ ತಣ್ಣಗಾದದ್ದಲ್ಲ.”

“ಕಂಪ್ಯೂಟರ್ ಸುಳ್ಳು ಹೇಳ್ತದಾ?” ಎಂದು ಅವರು ನನ್ನ ಕಡೆ ತಿರುಗಿದರು.

“ಇಲ್ರಿ,” ಎಂದೆ.

ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟನ್ನು ಹೇಳಿಕೊಳ್ಳುತ್ತೇನೆ. ನಾಳೆಯಿಂದ ಬರುವುದು ಬೇಡ ಎಂದು ಹಸನಬ್ಬರು ಹೇಳಿದ್ದು, ಗಿರಿಜಕ್ಕ ಆ ಏಳೆಂಟು ಮರಿಗಳನ್ನು ಒಂದು ಪೆಟ್ಟಿಗೆಗೆ ಹಾಕಿ, ಯಾರ ಮೊಟ್ಟೆಯದು ಯಾವ ಮರಿ ಎಂದು ಚೀಟಿ ಬರೆದಿಟ್ಟು, ಕೊಡೆ ತೆಗೆದುಕೊಂಡು ಹೊರಟದ್ದು, ಎಲ್ಲ ಬಹಳ ನಿಧಾನವಾಗಿ ನಡೆಯಿತು. ನೀರಿನೊಳಗಿಂದ ನೋಡುತ್ತಿದ್ದ ಹಾಗೆ ನಾನು ನೋಡುತ್ತ ನಿಂತಿದ್ದೆ.

ಗೊತ್ತಾದದ್ದು ಅದೇ ಸಂಜೆ, ಲ್ಯಾಬಿನಲ್ಲಿ. ವರದಿಗೆ ಕೋಷ್ಟಕ ಮಾಡಲು ಉಷ್ಣತೆಗಳನ್ನು ಎರಡೂ ಮಾನದಲ್ಲಿ ಬರೆಯುತ್ತಿದ್ದೆ. ಮೂವತ್ತಾರರ ಎದುರಿಗೆ ತೊಂಬತ್ತಾರು ಪಾಯಿಂಟ್ ಎಂಟು ಎಂದು ಬಂತು. ಗಿರಿಜಕ್ಕನ ಲೆಕ್ಕದಲ್ಲಿ ಅಲ್ಲಿ ತೊಂಬತ್ತೆಂಟು ಇರಬೇಕಿತ್ತು. ಮೂರು ದಿನ ನಾನು ಮೊಟ್ಟೆಗಳನ್ನು ತಣ್ಣಗಿನ ಕಡೆಗೆ ಹಿಡಿದು ಎಳೆದಿದ್ದೆ. ಆ ಹೆಂಗಸು ಬಿಸಿನೀರಿಟ್ಟು ಇತ್ತ ಎಳೆದಿದ್ದರು. ಅವರು ಪಾತ್ರೆ ಇಟ್ಟಾಗಲೆಲ್ಲ ಒಳಗೆ ಬಿಸಿ ಸ್ವಲ್ಪ ಏರುತ್ತಿತ್ತು. ಏರಿತೆಂದು ಕಂಡ ಕೂಡಲೇ ನನ್ನ ಪ್ರೋಗ್ರಾಮು ಹೀಟರನ್ನು ಆರಿಸುತ್ತಿತ್ತು. ಸ್ಕೇಲ್ ಇಟ್ಟು ಎಳೆದ ಗೆರೆ ಬಂದದ್ದು ಹಾಗೆ.

ಒಂದು ಸಾಲು ತಿದ್ದಲು ಒಂದು ನಿಮಿಷವೂ ಬೇಕಾಗಲಿಲ್ಲ. ತಿದ್ದಿದೆ. ಮರುದಿನ ಹಸನಬ್ಬರ ಬಳಿ ಹೋಗಿ, ಸಣ್ಣದೊಂದು ಸುಧಾರಣೆ ಇದೆ ಎಂದು ಹೊಸ ಪ್ರೋಗ್ರಾಮು ಹಾಕಿ ಬಂದೆ. ಬಾಯಿ ತೆರೆಯಲಿಲ್ಲ. ನಾಲ್ಕನೇ ದಿನ ವೈವಾ ಇತ್ತು. ಅದಕ್ಕೆ ಹಸನಬ್ಬರಿಂದ ಕೆಲಸ ತೃಪ್ತಿಕರ ಎಂಬ ಪತ್ರ ಬೇಕಿತ್ತು. ಪತ್ರ ಸಿಕ್ಕಿತು. ವೈವಾದಲ್ಲಿ ಹೊರಗಿನ ಪರೀಕ್ಷಕರು, “ಯಾವ ಮಾನ ಬಳಸಿದಿರಿ, ಯಾಕೆ?” ಎಂದು ಕೇಳಿದರು. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಮಾನ ಇಟ್ಟುಕೊಳ್ಳುವುದು ಎಷ್ಟು ಮುಖ್ಯ ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಅವರು ಮೆಚ್ಚಿ ತಲೆದೂಗಿದರು. ಗೈಡು ಮೇಷ್ಟ್ರು ಮೊದಲ ಬಾರಿ ನನ್ನನ್ನು ನೋಡಿ ನಕ್ಕರು.

ವೈವಾ ಮುಗಿದ ಮೇಲೆ ಹೇಳುವ ಎಂದುಕೊಂಡಿದ್ದೆ. ಮುಗಿಯಿತು. ಫಲಿತಾಂಶ ಬರಲಿ ಎಂದುಕೊಂಡೆ. ಮಳೆ ಕಡಿಮೆಯಾಗಲಿ ಎಂದೂ ಒಂದು ದಿನ ಅಂದುಕೊಂಡೆ, ಜೂನ್ ತಿಂಗಳಲ್ಲಿ, ಮೂಡುಬಿದಿರೆಯಲ್ಲಿ! ಹಾಸ್ಟೆಲಿನ ಮಂಚದ ಮೇಲೆ ಮಗ್ಗುಲಾಗಿ ಮಲಗಿ ಕಿಟಕಿಯ ಸರಳುಗಳಿಂದ ಇಳಿಯುವ ನೀರನ್ನು ನೋಡುತ್ತಿದ್ದೆ. ಗೆಳತಿಯರು ಸಾಮಾನು ಕಟ್ಟುತ್ತಿದ್ದರು, ಹಾಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಆ ಫೋಟೋಗಳಲ್ಲಿ ನಾನೂ ನಗುತ್ತಿದ್ದೇನೆ. ಈಗ ನೋಡಿದರೆ ಆ ಹುಡುಗಿಯ ಕೆನ್ನೆಗೆ ಎರಡು ಬಿಗಿಯಬೇಕೆನಿಸುತ್ತದೆ.

ಗಿರಿಜಕ್ಕ ಹೋದ ಹನ್ನೊಂದನೇ ದಿನ ಹಸನಬ್ಬರ ಫೋನು ಬಂತು. ಸ್ವರದಲ್ಲಿ ಹಬ್ಬ. ಮೊದಲಿನವು ದೊಡ್ಡ ಯಂತ್ರದಲ್ಲಿರುವಾಗಲೇ ಇಟ್ಟಿದ್ದ ಎರಡನೇ ತಂಡದ ಮೊಟ್ಟೆಗಳು ಒಡೆದು ಮರಿಯಾಗಿದ್ದವು. “ಒಂದಕ್ಕಿಂತ ಒಂದು ಚಂದ ಮರಿ ಇಂಜಿನಿಯರ್ರೆ! ನೋಡಿ, ಬಾಗಿಲು ಮುಚ್ಚಿ ಇಟ್ಟದ್ದಕ್ಕೆ ಎಲ್ಲ ಸರಿಯಾಯಿತು. ಗಿರಿಜನ ವಿಷಯದಲ್ಲಿ ನನಗೆ ಸ್ವಲ್ಪ ಸಂಶಯ ಇತ್ತು, ತಪ್ಪು ಮಾಡಿದೆನಾ ಅಂತ. ಈಗ ಅದೂ ಹೋಯ್ತು.”

ನಾನು ಗುಟ್ಟಾಗಿ ತಿದ್ದಿದ ಸಾಲು ಗಿರಿಜಕ್ಕನ ಮೇಲಿನ ಆರೋಪಕ್ಕೆ ಮುದ್ರೆ ಒತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ತೋಡಾರಿನಲ್ಲಿ ಇಳಿದು, ತೊಯ್ದ ಬಟ್ಟೆಯಲ್ಲೇ ಹಸನಬ್ಬರ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಮರಿಗಳ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದರು. ಗಂಟು ಅರ್ಧಕ್ಕೇ ನಿಂತಿತು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಓಮ್ನಿಯ ಕೀಲಿ ತೆಗೆದುಕೊಂಡು, “ಹತ್ತಿ. ಅವರ ಮನೆಗೆ ಹೋಗುವ,” ಎಂದರು.

ಗಿರಿಜಕ್ಕನ ಮನೆ ಬಂಟ್ವಾಳ ತಾಲೂಕಿನ ಕಡೆ, ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ. ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಮ್ಮನ್ನು ಕಂಡು ಎದ್ದರು. ಚಾಪೆ ಹಾಸಿದರು. ಎರಡು ಲೋಟ ನೀರು, ಒಂದು ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಹಸನಬ್ಬರು ಅಂಗಳದಲ್ಲೇ ನಿಂತಿದ್ದರು. ಮಾಡಿನಿಂದ ಇಳಿಯುವ ನೀರು ಅವರ ಹೆಗಲ ಮೇಲೆ ಬೀಳುತ್ತಿತ್ತು. ಸರಿಯುವುದು ಅವರಿಗೆ ತೋಚಿದಂತಿರಲಿಲ್ಲ.

“ಅಕ್ಕಾರ, ತಪ್ಪು ನಂದು,” ಎಂದೆ. “ಒಂದೂವರೆ ಅಂತ ನೀವು ಹೇಳಿದ್ದು ನಿಮ್ಮ ಡಿಗ್ರಿ. ನಾ ಅದನ್ನ ಬದಲಿ ಮಾಡ್ಲಾರದ ಹಂಗ ಹಾಕಿಬಿಟ್ಟೆ. ನನ್ನ ಒಂದೂವರೆ ಅಂದ್ರ ನಿಮ್ಮದು ಹತ್ರ ಹತ್ರ ಮೂರು ಆಗ್ತೈತಿ. ಅದಕ್ಕ ತಣ್ಣಗಾತು.”

ಗಿರಿಜಕ್ಕ ಕೈಯಲ್ಲಿದ್ದ ಎಲೆಯನ್ನು ಮೊರಕ್ಕೆ ಹಾಕಿದರು. “ಎಷ್ಟಿತ್ತು ಹಾಗಾದರೆ, ನನ್ನ ಲೆಕ್ಕದಲ್ಲಿ?”

“ತೊಂಬತ್ತಾರು ಪಾಯಿಂಟ್ ಎಂಟು.”

ಅವರು ಕಣ್ಣು ಮುಚ್ಚಿದರು. ದೊಡ್ಡದೊಂದು ಭಾರ ಕೆಳಗಿಟ್ಟವರ ಹಾಗೆ ಅವರ ಮುಖ ಸಡಿಲಾಯಿತು. “ನಾನು ಹೇಳಿದೆ,” ಎಂದು ತಮಗೆ ತಾವೇ ಎಂಬಂತೆ ಅಂದರು. “ನನಗೆ ಭ್ರಾಂತು ಹಿಡೀತಾ ಅಂತ ಎಣಿಸಿದ್ದೆ. ಹನ್ನೆರಡು ವರ್ಷ ಸರಿ ಇದ್ದದ್ದು ಒಮ್ಮೆಲೇ ಹೇಗೆ ತಪ್ಪುತ್ತದೆ ಅಂತ. ದಿನಾ ಇಲ್ಲಿ ಕೂತು ಅದೇ ಯೋಚನೆ.”

ನಾನು ಅವರ ಕಾಲ ಹತ್ತಿರ ಕೂತಿದ್ದೆ. ಕ್ಷಮಿಸಿದರು ಎಂದು ಅನಿಸಿತು. ಎಷ್ಟು ಹಗುರವಾಯಿತೆಂದರೆ ಬೆಲ್ಲದ ಚೂರಿಗೆ ಕೈ ಚಾಚಿದೆ.

“ಇದು ನಿಮಗೆ ಗೊತ್ತಾದದ್ದು ಯಾವತ್ತು?” ಎಂದು ಗಿರಿಜಕ್ಕ ಕೇಳಿದರು.

ಸುಳ್ಳು ಹೇಳಬಹುದಿತ್ತು. ಇವತ್ತು ಬೆಳಿಗ್ಗೆ ಅಂದಿದ್ದರೆ ಮುಗಿಯುತ್ತಿತ್ತು. “ಅವತ್ತ ಸಂಜೀಗೆ,” ಎಂದೆ.

ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಟಾರ್ಚು ಹಿಡಿದು ಮೊಟ್ಟೆ ನೋಡುವಾಗ ಇರುತ್ತಿದ್ದ ಅದೇ ತಾಳ್ಮೆ. ಆಮೇಲೆ ಹಸನಬ್ಬರ ಕಡೆ ತಿರುಗಿ, “ಮಳೆಯಲ್ಲಿ ಎಂತಕ್ಕೆ ನಿಂತಿದ್ದೀರಿ, ಮೇಲೆ ಬನ್ನಿ,” ಎಂದರು. ಅವರು ಬಂದು ಜಗಲಿಯ ಅಂಚಿನಲ್ಲಿ ಕೂತರು. “ತಪ್ಪಾಯಿತು ಗಿರಿಜ,” ಎಂದರು. ಗಿರಿಜಕ್ಕ ನೀರಿನ ಲೋಟವನ್ನು ಅವರ ಕಡೆ ಸರಿಸಿದರು.

“ಮುಂದಿನ ತಂಡ ಸಣ್ಣ ಯಂತ್ರಕ್ಕೆ ಯಾವಾಗ?”

“ನಾಡಿದ್ದು.”

“ನಾಳೆಯೇ ಬರ್ತೇನೆ. ತಟ್ಟೆ ತೊಳೆದು ಒಣಗಿಸಬೇಕಲ್ಲ.” ಮತ್ತೆ ನನ್ನ ಕಡೆ ನೋಡದೆ, ಮೊರವನ್ನು ತೊಡೆಗೆ ಎಳೆದುಕೊಳ್ಳುತ್ತ ಹೇಳಿದರು, “ಶೈಲಾ, ನೀವು ಇನ್ನು ಅಲ್ಲಿಗೆ ಬರುವುದು ಬೇಡ. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.”

ಬೆಲ್ಲ ನನ್ನ ಕೈಯಲ್ಲೇ ಇತ್ತು. ಬಾಯಿಗೆ ಹಾಕಲೂ ಆಗಲಿಲ್ಲ, ತಟ್ಟೆಗೆ ಮರಳಿ ಇಡಲೂ ಆಗಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ವೈಪರ್ ಅತ್ತಿಂದಿತ್ತ ಆಡುತ್ತಿತ್ತು. ಹಸನಬ್ಬರು ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿ, ಗಾಜು ಏರಿಸುವ ಮೊದಲು, “ಊಟ ಆಯಿತಾ ನಿಮ್ಮದು?” ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಅಳು. ಬಸ್ಸುಗಳ ನಡುವೆ, ಜನರ ನಡುವೆ ನಿಂತು ಅತ್ತೆ. ಹಸನಬ್ಬರು ಗಾಡಿ ಆರಿಸಿ, ನನ್ನ ಅಳು ಮುಗಿಯುವ ತನಕ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದರು.